ಮೂಗು ನೋಡಿ ಎಂದ ಕಣ್ಣಿನ ಡಾಕ್ಟರು

ಮೂಗು ಡಾಕ್ಟರು ತೀರಿಕೊಂಡರಂತೆ ಎಂಬ ಸುದ್ದಿಯನ್ನು ಹುಣಸೂರಿಗೆ ತಂದವನು ಮೈಸೂರು ಬಸ್ಸಿನ ಕಂಡಕ್ಟರು. ಹೋದ ವಾರ ಬೆಳಿಗ್ಗೆ ನಾನು ಮಂಡಿಯ ಬಾಗಿಲು ತೆಗೆಯುತ್ತಿದ್ದಾಗ ರಸ್ತೆಯಾಚೆಯಿಂದಲೇ ಕೂಗಿ ಹೇಳಿ ಹೋದ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಆ ಮನುಷ್ಯ ನಮ್ಮ ಮಹಡಿಯ ಗೋಡೆಗೆ ಹೊಡೆದ ಮೊಳೆಗಳು ಇನ್ನೂ ಹಾಗೇ ಇವೆ. ಒಂದನ್ನು ಕಿತ್ತರೆ ಅದರ ಜತೆ ಅಂಗೈಯಗಲ ಗಾರೆ ಉದುರುತ್ತದೆ. "ಮುಂದಿನ ಸಲ ಬಂದಾಗ ನಾನೇ ನಿಂತು ಕೀಳಿಸಿ ಮೆತ್ತಿಸ್ತೀನಿ ಕಣ್ರೀ" ಎಂದು ಹೇಳಿ ಹೋದವರು ಹೀಗೆ ಮಾತು ತಪ್ಪಿಸಿಕೊಂಡರಲ್ಲ ಎನಿಸಿತು. ದುಃಖ ಆಮೇಲೆ ಬಂತು, ಮಧ್ಯಾಹ್ನ ಊಟಕ್ಕೆ ಕೂತಾಗ.

ಅವರು ಮೂಗಿನ ಡಾಕ್ಟರಲ್ಲ, ಕಣ್ಣಿನ ಡಾಕ್ಟರು. ಐವತ್ತರ ದಶಕದ ಆರಂಭದಲ್ಲಿ ಎರಡು ಟ್ರಂಕು, ಒಂದು ಮಡಿಸುವ ಕುರ್ಚಿ ಹೊತ್ತುಕೊಂಡು ನಮ್ಮೂರಿಗೆ ಬಂದರು. ನಮ್ಮ ಹೊಗೆಸೊಪ್ಪಿನ ಮಂಡಿಯ ಮೇಲಿನ ಮಹಡಿಯನ್ನು ಬಾಡಿಗೆಗೆ ಹಿಡಿದರು. ಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿದ್ದರಂತೆ. ಹಾಗಾಗಿ ರೋಗಿಗಳನ್ನೂ ಸಿಪಾಯಿಗಳ ಹಾಗೆ ಗದರಿಸುತ್ತಿದ್ದರು. ಕುಳ್ಳು ದೇಹ, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಮುಖದ ನಡುವೆ ಊರಿಗೆಲ್ಲ ಕಾಣುವಂಥ ಮೂಗು. ಆ ಮೂಗು ಇಲ್ಲದಿದ್ದರೂ ಅವರಿಗೆ ಆ ಹೆಸರು ತಪ್ಪುತ್ತಿರಲಿಲ್ಲ ಅನ್ನಿ. ಯಾಕೆಂದರೆ ಅವರು ದಿನವೆಲ್ಲ ಆಡುತ್ತಿದ್ದ ಮಾತು ಒಂದೇ: "ನನ್ನ ಮೂಗು ನೋಡಿ."

ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಳ್ಳುವರು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸುವರು. "ನನ್ನ ಮೂಗು ನೋಡಿ. ಬೇರೆ ಏನೂ ನೋಡಬೇಡಿ" ಎಂದು ಹೇಳಿ, ತಮ್ಮ ತೋರುಬೆರಳನ್ನು ಪಕ್ಕದಿಂದ ಕುಣಿಸುತ್ತ ನಿಧಾನವಾಗಿ ಒಳಕ್ಕೆ ತರುವರು. ಬೆರಳು ಕಂಡ ಕೂಡಲೇ ನಾವು ಹೇಳಬೇಕು. ನೇರ ನೋಡುತ್ತಿರುವಾಗ ಪಕ್ಕದಲ್ಲಿ ಎಷ್ಟು ಕಾಣುತ್ತದೆ ಎಂಬುದರ ಪರೀಕ್ಷೆ ಅದು. ಇದನ್ನು ಆಸ್ಪತ್ರೆಯಲ್ಲಿ ಮಾಡಿದ್ದರೆ ಯಾರ ತಕರಾರೂ ಇರಲಿಲ್ಲ. ಈ ಪುಣ್ಯಾತ್ಮ ಬಸ್ಸಿನಲ್ಲಿ ಮಾಡಿದರು, ಸಂತೆಯಲ್ಲಿ ಮಾಡಿದರು. ತಮಗೇ ಕ್ಷೌರ ಮಾಡುತ್ತಿದ್ದವನಿಗೂ ಮಾಡಿದರು. ಕತ್ತಿ ಕೊರಳ ಮೇಲಿದ್ದಾಗ "ಇರಪ್ಪ, ನನ್ನ ಮೂಗು ನೋಡು" ಎಂದು ಎರಡೂ ಕೈ ಎತ್ತಿ ಬೆರಳಾಡಿಸಿದರಂತೆ. ಆತ ಕತ್ತಿ ಮಡಿಸಿಕೊಂಡು ಸೀದಾ ನನ್ನ ಹತ್ತಿರ ಬಂದ. "ಬುದ್ಧಿ, ನಿಮ್ ಮಹಡಿ ಡಾಕ್ಟ್ರಿಗೆ ನಾನಿನ್ನು ಕ್ಷೌರ ಮಾಡಕಿಲ್ಲ. ಕತ್ತು ಕುಯ್ದೋದ್ರೆ ಜೈಲಿಗೆ ಓಗೋನು ನಾನು" ಎಂದ. ಬಾಡಿಗೆಗೆ ಕೊಟ್ಟ ತಪ್ಪಿಗೆ ಊರಿನ ದೂರೆಲ್ಲ ನನ್ನ ಬಾಗಿಲಿಗೆ.

ಕೃಷ್ಣರಾಜನಗರದಲ್ಲಿ ನಮ್ಮ ಸೋದರತ್ತೆಯ ಮಗಳ ಮದುವೆಗೆ ಅವರನ್ನೂ ಕರೆದುಕೊಂಡು ಹೋದದ್ದು ನನ್ನ ಇನ್ನೊಂದು ಬುದ್ಧಿಗೇಡಿತನ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದವರು ಹೆಣ್ಣಿನ ತಂದೆ ಕಡೆಯ ತಾತ. ಪಾಯಸ ಬಡಿಸುವವನು ಎಡಗಡೆಯಿಂದ ಬಂದು ನಿಂತರೂ ತಾತ ತಲೆ ಎತ್ತಲಿಲ್ಲ. ಅಷ್ಟು ಸಾಕಾಯಿತು ನಮ್ಮ ಡಾಕ್ಟರಿಗೆ. ಎಲೆಯ ಮುಂದೆಯೇ ತಾತನನ್ನು ತಿರುಗಿಸಿಕೊಂಡು ಶುರು ಹಚ್ಚಿದರು. ಪಂಕ್ತಿಯಲ್ಲಿದ್ದವರೆಲ್ಲ ಉಣ್ಣುವುದು ಬಿಟ್ಟು ಡಾಕ್ಟರ ಮೂಗು ನೋಡುತ್ತಿದ್ದರು. ಬೀಗರು ನನ್ನನ್ನು ಪಕ್ಕಕ್ಕೆ ಕರೆದು, "ಇವ್ರು ನಿಮ್ ಕಡೆಯೋರಾ?" ಎಂದರು. ಅಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

ಮೂಗಿನದು ಬರೀ ಪೀಠಿಕೆ. ನಿಜವಾದ ಪರೀಕ್ಷೆ ನಮ್ಮ ಮಹಡಿಯ ಮೇಲೆ. ಅಲ್ಲಿನ ಉದ್ದ ಕೋಣೆಯ ಗೋಡೆಗೆ ಒಂದು ಕರಿ ಕಂಬಳಿ ಹೊಡೆದಿದ್ದರು. ಆ ಕಂಬಳಿಗಾಗಿ ಪಿರಿಯಾಪಟ್ಟಣದ ಸಂತೆಯಲ್ಲಿ ರಾಶಿಯನ್ನೇ ಕೆದಕಿಸಿ, ಒಂದು ಬಿಳಿ ಎಳೆ ಕಂಡರೂ ಬೇಡವೆಂದು, ಮಾರುವವನ ಬಾಯಲ್ಲಿ ಬೈಸಿಕೊಂಡು ಬಂದಿದ್ದರು. ಕಂಬಳಿಯ ನಡುವೆ ಒಂದು ಬಿಳಿ ಗುಂಡಿ ಹೊಲಿದಿದ್ದರು. ಹಳೆಯ ಕೊಡೆಯ ಕಡ್ಡಿಗೆ ಮಸಿ ಬಳಿದು ತುದಿಗೆ ಸಣ್ಣ ಬಿಳಿ ಮಣಿ ಸಿಕ್ಕಿಸಿದ್ದರು. ರೋಗಿ ದೂರದಲ್ಲಿ ಕೂತು ಒಂಟಿ ಕಣ್ಣಿನಲ್ಲಿ ಗುಂಡಿಯನ್ನೇ ನೋಡಬೇಕು. ಡಾಕ್ಟರು ಅಂಚಿನಿಂದ ಮಣಿಯನ್ನು ತರುತ್ತಾರೆ. ಕಂಡಾಗ "ಕಂಡಿತು", ಮಾಯವಾದಾಗ "ಹೋಯಿತು" ಎನ್ನಬೇಕು. ಆಯಾ ಜಾಗದಲ್ಲಿ ಅವರು ಗುಂಡುಸೂಜಿ ಚುಚ್ಚುತ್ತಾರೆ. ಕೊನೆಗೆ ಸೂಜಿಯಿಂದ ಸೂಜಿಗೆ ಗೆರೆ ಎಳೆದರೆ ಆ ಕಣ್ಣಿನ ಎಲ್ಲೆ ಎಷ್ಟು ಎಂಬುದು ಗೊತ್ತಾಗುತ್ತದೆ. ಕೋಣೆಯ ಬೆಳಕು ಏರುಪೇರಾಗಬಾರದು ಎಂದು ನನ್ನ ಗೋಣಿಚೀಲಗಳನ್ನೇ ತಂದು ಕಿಟಕಿಗೆ ಹೊಡೆದಿದ್ದರು. ಕೇಳಿದರೆ, "ಚೀಲ ಖಾಲಿ ಇತ್ತಲ್ಲ ರೀ" ಎಂದರು.

"ಕಣ್ಣಿನೊಳಗೆ ಒತ್ತಡ ಹೆಚ್ಚಾಗೋ ಕಾಯಿಲೆ ಇದು, ಗ್ಲಾಕೋಮ ಅಂತ" ಎಂದು ಅವರು ಎಲ್ಲರಿಗೂ ಒಂದೇ ಥರ ವಿವರಿಸುತ್ತಿದ್ದರು. "ನೋವಿಲ್ಲ, ಕೆಂಪಿಲ್ಲ. ಪಕ್ಕದ ಹೊಲದೋನು ಬದು ಒತ್ತಿದ ಹಾಗೆ. ಪ್ರತಿ ವರ್ಷ ಒಂದೊಂದು ಸಾಲು ಉತ್ತುಕೊಂಡು ಒಳಗೆ ಬರ್ತಾನೆ. ನೀವು ನಡು ಹೊಲದಲ್ಲಿ ನಿಂತು ನನ್ನ ಹೊಲ ಹಾಗೇ ಇದೆ ಅಂದ್ಕೊಂಡಿರ್ತೀರಿ." ಮಾತೇನೋ ಜನಕ್ಕೆ ಅರ್ಥವಾಗುತ್ತಿತ್ತು. ಬದು ಒತ್ತುವುದು ಗೊತ್ತಿಲ್ಲದ ರೈತ ಯಾರಿದ್ದಾನೆ? ಆದರೆ ನಂಬಬೇಕಲ್ಲ. ಎಲ್ಲರಿಗೂ ಗೊತ್ತಿದ್ದದ್ದು ಪೊರೆ ಒಂದೇ. "ಪೊರೆ ಬಂದದೆಯಾ ಬುದ್ಧಿ?" ಎಂದು ಕೇಳುವರು. "ಪೊರೆ ಆಗಿದ್ರೆ ತೆಗೆದು ಬಿಸಾಕ್ತಿದ್ದೆ ಕಣಯ್ಯ, ಇದು ಅದಲ್ಲ" ಎಂದು ಇವರು ಕಿರುಚುವರು.

ಆ ಪರೀಕ್ಷೆಗೆ ನಮ್ಮ ಜನ ತಕ್ಕವರಲ್ಲ, ನಮ್ಮ ಜನಕ್ಕೆ ಆ ಪರೀಕ್ಷೆ ತಕ್ಕದ್ದಲ್ಲ. ಯಾರೋ ಪಕ್ಕದಲ್ಲಿ ಏನನ್ನೋ ಆಡಿಸುತ್ತಿದ್ದರೆ ತಿರುಗಿ ನೋಡದೆ ಇರುವವನು ಹೆಡ್ಡನಲ್ಲವೆ? ಎಲ್ಲರೂ ಮಣಿಯನ್ನು ಹುಡುಕಿಕೊಂಡೇ ನೋಡುವರು. "ಗುಂಡಿ ನೋಡಯ್ಯಾ, ಗುಂಡಿ!" ಎಂಬ ಕೂಗು ಕೆಳಗೆ ಮಂಡಿಯಲ್ಲಿ ತೂಕ ಮಾಡುವವರಿಗೂ ಕೇಳುತ್ತಿತ್ತು. ಅದಕ್ಕಿಂತ ದೊಡ್ಡ ಕಷ್ಟವೆಂದರೆ ಮೆಟ್ಟಿಲ ಮೇಲೆ ಸಾಲಾಗಿ ಕೂತವರು ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಿದ್ದದ್ದು. "ಒಳೀಕೋದೇಟ್ಗೆ ಕಾಣ್ತದೆ ಕಾಣ್ತದೆ ಅಂದ್ಬುಡ್ಲಾ. ಇಲ್ಲಾಂದ್ರೆ ಮಜ್ಜಾನ್ಗಂಟ ಬುಡಾಕಿಲ್ಲ." ಹನಗೋಡಿನಿಂದ ಬಂದ ಒಬ್ಬ ಗೌಡರು ಮಣಿಯನ್ನು ಎತ್ತ ತಂದರೂ "ಕಂಡಿತು" ಎನ್ನುತ್ತಿದ್ದರಂತೆ. ಡಾಕ್ಟರು ಅನುಮಾನ ಬಂದು ಕಡ್ಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟು ಬರೀ ಕೈ ಆಡಿಸಿದರು. "ಕಂಡಿತು" ಎಂದರು ಗೌಡರು. "ಮಣಿಯೇ ಇಲ್ಲವಲ್ಲ, ಏನು ಕಂಡಿತು?" ಎಂದದ್ದಕ್ಕೆ, "ತಾವು ಇಷ್ಟೊತ್ತಿಂದ ನಿಂತ್ಕಂಡು ತೋರುಸ್ತಾ ಇದೀರಿ. ಕಾಣಾಕಿಲ್ಲ ಅಂದ್ರೆ ತಮ್ಗೆ ಬೇಜಾರಾಗಾಕಿಲ್ವ?" ಎಂದರು ಗೌಡರು ಬಹಳ ವಿನಯದಿಂದ. ಡಾಕ್ಟರು ಕೊಡೆ ಕಡ್ಡಿಯನ್ನು ಎಸೆದು ಕೆಳಗಿಳಿದು ಬಂದು, ನನ್ನ ಎದುರು ಕೂತು, "ಈ ತಾಲ್ಲೂಕಿನಲ್ಲಿ ಮರ್ಯಾದೆ ಜಾಸ್ತಿ ಆಯ್ತು ಕಣ್ರೀ" ಎಂದು ತಲೆ ಚಚ್ಚಿಕೊಂಡರು. ಅದು ನನ್ನ ತಪ್ಪು ಎಂಬಂತೆ ನನ್ನನ್ನೇ ದುರುಗುಟ್ಟಿ ನೋಡಿದರು.

ಅವರ ವೃತ್ತಿಯೇ ಹಾಗಿತ್ತು, ಅತ್ತ ದರಿ ಇತ್ತ ಪುಲಿ. ಎಚ್.ಡಿ. ಕೋಟೆಯಿಂದ ಬಸ್ಸು ಹಿಡಿದು ಬಂದವನಿಗೆ "ನಿನ್ನ ಕಣ್ಣು ಚೆನ್ನಾಗಿದೆ, ಹೋಗು" ಎಂದರೆ ಅವನಿಗೆ ಸಿಟ್ಟು. ಇಷ್ಟು ದೂರ ಬಂದದ್ದಕ್ಕೆ ಒಂದು ಮುಲಾಮೂ ಇಲ್ಲವೇ ಎಂದು. ಜತೆಗೆ ಸುಮ್ಮನೆ ಬಂದವನನ್ನು ಹಿಡಿದು "ನಿನಗೆ ಕಾಯಿಲೆ ಇದೆ" ಎಂದರೆ ಅವನಿಗೂ ಸಿಟ್ಟು. ಎಲ್ಲ ಚೆನ್ನಾಗಿ ಕಾಣುತ್ತಿರುವಾಗ ಕಾಯಿಲೆ ಎಲ್ಲಿಂದ ಬಂತು ಎಂದು. ಒಂದು ಸಿಹಿ ಮಾತು ಆಡಿ ಇಬ್ಬರನ್ನೂ ಸಮಾಧಾನ ಮಾಡಬಹುದಿತ್ತು. ಆ ವಿದ್ಯೆ ಅವರಿಗೆ ಬರುತ್ತಿರಲಿಲ್ಲ.

ಆದರೆ ಚಿತ್ರ ಬರೆಯುತ್ತಿದ್ದರು. ಸಣ್ಣ ಬೆಳಕಿನ ಕೊಳವೆಯೊಂದನ್ನು ಕಣ್ಣಿಗೆ ಹಿಡಿದು, ಒಳಗಡೆಯ ಗೋಡೆಯನ್ನು ನೋಡಿ, ಕೆಂಪು ಹಳದಿ ಸೀಸದಕಡ್ಡಿಗಳಲ್ಲಿ ಅದನ್ನು ಬರೆದಿಡುವರು. ಕೆಂಪು ನೆಲ, ಅದರಲ್ಲಿ ಕವಲೊಡೆದ ನರಗಳು, ನಡುವೆ ಹಳದಿ ತಟ್ಟೆ, ತಟ್ಟೆಯ ಮಧ್ಯೆ ಒಂದು ಗುಣಿ. ಒತ್ತಡ ಹೆಚ್ಚಾದಷ್ಟೂ ಗುಣಿ ಅಗಲವಾಗುತ್ತದಂತೆ. ಹೋದ ವರ್ಷದ ಚಿತ್ರದ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡುತ್ತ ಗಂಟೆಗಟ್ಟಲೆ ಕೂರುವರು. ಆ ಹೊತ್ತಿನಲ್ಲಿ ಮಾತ್ರ ಅವರು ಯಾರನ್ನೂ ಬೈಯುತ್ತಿರಲಿಲ್ಲ.

ಇನ್ನು ನಮ್ಮ ಅಪ್ಪನ ವಿಷಯ.

ಅಪ್ಪ ಹೊಗೆಸೊಪ್ಪಿನ ಎಲೆ ನೋಡುವುದರಲ್ಲಿ ಸುತ್ತಿಗೆಲ್ಲ ಹೆಸರಾದವರು. ಒಂದು ಎಲೆಯನ್ನು ಬೆಳಕಿಗೆ ಹಿಡಿದು, ಇದು ಯಾವ ಕಡೆಯ ಮಣ್ಣು, ಬ್ಯಾರನ್ ಮನೆಯಲ್ಲಿ ಒಣಗಿಸುವಾಗ ಬೆಂಕಿ ಎಲ್ಲಿ ಹೆಚ್ಚಾಯಿತು ಎಂದು ಹೇಳಬಲ್ಲವರು. ವಯಸ್ಸಾದರೂ ಸೂಜಿಗೆ ದಾರ ಪೋಣಿಸುತ್ತಿದ್ದರು. ಅಂಥವರು ಕೆಲವು ವರ್ಷದಿಂದ ಮನೆಯಲ್ಲಿ ಎಲ್ಲರ ಮೇಲೂ ರೇಗಲು ಶುರು ಮಾಡಿದ್ದರು. ಚೊಂಬು ಎಡವುವರು, "ದಾರೀಲಿ ಮಡಗಿದೋರು ಯಾರು?" ಎಂದು ಕೂಗುವರು. ಪೇಟೆಯಲ್ಲಿ ಎಡಗಡೆಯಿಂದ ಬಂದ ಗಾಡಿ ಮೈಮೇಲೆ ಬಂತೆಂದು ಗಾಡಿಯವನನ್ನು ಬೈಯುವರು. ಅವ್ವ ನನ್ನ ಹೆಂಡತಿಯನ್ನು ಬೈಯುವಳು, ನನ್ನ ಹೆಂಡತಿ ನನ್ನನ್ನು. ಮನೆಯೆಲ್ಲ ಅಜಾಗರೂಕರಿಂದ ತುಂಬಿದೆ ಎಂದು ನಾವೇ ನಂಬಿಬಿಟ್ಟಿದ್ದೆವು.

"ನಿಮ್ಮಪ್ಪನ ಕೋಟಿನ ಎಡಭುಜದ ಮೇಲೆ ಯಾವಾಗ್ಲೂ ಸುಣ್ಣ ಯಾಕಿರತ್ತೆ?" ಎಂದು ಒಂದು ದಿನ ಡಾಕ್ಟರು ಕೇಳಿದರು.

"ಗೋಡೆಗೆ ಒರಸಿಕೊಂಡಿರ್ತಾರೆ."

"ದಿನಾನೂ?"

ಅಂದಿನಿಂದ ಅಪ್ಪನ ಹಿಂದೆ ಬಿದ್ದರು. ಅಪ್ಪ ಬಯ್ದರು, ಅಟ್ಟಿದರು, ಕೊನೆಗೆ ಪೀಡೆ ತೊಲಗಲಿ ಎಂದು ಮಹಡಿ ಹತ್ತಿದರು. ಕಂಬಳಿಯ ಪರೀಕ್ಷೆಯಲ್ಲಿ ಅಪ್ಪ ಒಂದು ಸಲವೂ ಮಣಿಯನ್ನು ಬಿಡಲಿಲ್ಲ. ಮಣಿ ಎಲ್ಲಿದ್ದರೂ ಕಣ್ಣು ಅಲ್ಲಿಗೆ ಹಾರುತ್ತಿತ್ತು. "ಅದ್ದಿನ ಕಣ್ಣು ಕಣಯ್ಯ ನಂದು" ಎಂದು ಹೆಮ್ಮೆಯಿಂದ ಇಳಿದು ಬಂದರು. ಆದರೆ ಡಾಕ್ಟರು ಕೊಳವೆ ಹಿಡಿದು ಒಳಗೆ ನೋಡಿದ್ದರು. ಮರಗಟ್ಟಿಸುವ ಹನಿ ಬಿಟ್ಟು, ಕಣ್ಣಗುಡ್ಡೆಯ ಮೇಲೆ ಒಂದು ಪುಟ್ಟ ಉಪಕರಣ ಇಟ್ಟು ಒತ್ತಡವನ್ನೂ ಅಳೆದಿದ್ದರು. "ತಟ್ಟೆಯೆಲ್ಲ ಗುಣಿಯೇ ಆಗಿದೆ ರೀ" ಎಂದು ನನಗೆ ಹೇಳಿ, ದಿನಕ್ಕೆ ಇಷ್ಟು ಸಲ ಹಾಕಿ ಎಂದು ಒಂದು ಸೀಸೆ ಕೊಟ್ಟರು.

ಆ ಹನಿಯಿಂದ ಶುರುವಾಯಿತು ಮನೆಯಲ್ಲಿ ಮಹಾಭಾರತ. ಹನಿ ಹಾಕಿದರೆ ಹುಬ್ಬು ನೋಯುತ್ತಿತ್ತು, ಪಾಪೆ ಚಿಕ್ಕದಾಗಿ ಎಲ್ಲವೂ ಮಬ್ಬಾಗುತ್ತಿತ್ತು. ಮೊದಲೇ ಕತ್ತಲೆ ತುಂಬಿದ ಮಂಡಿಯಲ್ಲಿ ಎಲೆಯ ಬಣ್ಣ ಗೊತ್ತಾಗದೆ ಅಪ್ಪ ಒಂದು ಹೊರೆಯ ದರ್ಜೆಯನ್ನು ತಪ್ಪಾಗಿ ಹೇಳಿಬಿಟ್ಟರು. ಆ ಅವಮಾನಕ್ಕೆ ಸೀಸೆ ಚರಂಡಿಗೆ ಹೋಯಿತು. "ಚೆನ್ನಾಗಿರೋ ಕಣ್ಣಿಗೆ ಅನಿ ಹಾಕಿ ಕುರುಡು ಮಾಡ್ತಾವ್ನೆ" ಎಂದರು ಅಪ್ಪ. "ಹನಿ ಹಾಕದಿದ್ದರೆ ಕುರುಡಾಗ್ತಾರೆ" ಎಂದರು ಡಾಕ್ಟರು. ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ. ನಡುವೆ ಮೆಟ್ಟಿಲ ಮೇಲೆ ನಾನು. ಇಬ್ಬರಲ್ಲಿ ಯಾರನ್ನು ಮೊದಲು ಮನೆಯಿಂದ ಕಳಿಸಲಿ ಎಂದು ಯೋಚಿಸುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಡಾಕ್ಟರು ಹಾಲಿಗೆಂದು ಚೊಂಬು ಹಿಡಿದು ಇಳಿದು ಬಂದವರು ಮಂಡಿಯ ಹಿಂದಿನ ನಮ್ಮ ನಡುಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಒಳಗೆ ಅಪ್ಪ ಪೂಜೆಗೆ ಕೂತಿದ್ದರು. ನಮ್ಮಲ್ಲಿ ಇಷ್ಟಲಿಂಗದ ಪೂಜೆ ಎಂದರೆ, ಕೊರಳಲ್ಲಿ ಧರಿಸಿದ ಲಿಂಗವನ್ನು ಕರಡಿಗೆಯಿಂದ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ವಿಭೂತಿ ಪತ್ರೆ ಏರಿಸಿ, ರೆಪ್ಪೆ ಮಿಟುಕಿಸದೆ ಅದನ್ನೇ ನೋಡುತ್ತ ಕೂರುವುದು. ಹಾಲು ತೆಗೆದುಕೊಳ್ಳದೆಯೇ ಡಾಕ್ಟರು ಮಂಡಿಗೆ ಓಡಿ ಬಂದರು.

"ರೀ, ನಿಮ್ಮಪ್ಪನ ಕಣ್ಣು ಅಲ್ಲಾಡ್ತಾ ಇಲ್ಲ! ಗುಂಡಿ ನೋಡಿ ಅಂದ್ರೆ ನೊಣದ ಥರ ಹಾರಾಡೋ ಕಣ್ಣು, ಅಲ್ಲಿ ಮೊಳೆ ಹೊಡೆದ ಹಾಗೆ ನಿಂತಿದೆ!"

"ಅದು ಪೂಜೆ ಸ್ವಾಮಿ."

"ಅದಕ್ಕೇ ಹೇಳಿದ್ದು. ನಾಳೆ ಪೂಜೆ ಹೊತ್ತಿಗೆ ಮಣಿ ತಗೊಂಡು ಬರ್ತೀನಿ."

ನನಗೆ ಎಲ್ಲಿತ್ತೋ ಕೋಪ. ಗೋಡೆಗೆ ಮೊಳೆ ಹೊಡೆದದ್ದನ್ನು ಸಹಿಸಿದ್ದೆ, ಮದುವೆಮನೆಯಲ್ಲಿ ಮಾನ ಕಳೆದದ್ದನ್ನು ಸಹಿಸಿದ್ದೆ. ಪೂಜೆಯ ಮುಂದೆ ಕೊಡೆ ಕಡ್ಡಿ ಆಡಿಸುತ್ತಾರಂತೆ! ಬಾಯಿಗೆ ಬಂದಂತೆ ಅಂದೆ. ಅಷ್ಟರಲ್ಲಿ ಅವ್ವ ಬಂದಳು. ವಿಷಯ ತಿಳಿದು, "ಲಿಂಗ ಕಟ್ದೋರಲ್ದೆ ಬ್ಯಾರೇರು ಪೂಜೆ ಹೊತ್ನಲ್ಲಿ ಒಳೀಕೆ ಕಾಲಿಡಾಂಗಿಲ್ಲ ಕಣಪ್ಪ. ನಿಮ್ ಆಸ್ಪತ್ರೆ ಮಾಳಿಗೆ ಮ್ಯಾಲೇ ಇರ್ಲಿ" ಎಂದು ಖಂಡಿತವಾಗಿ ಹೇಳಿಬಿಟ್ಟಳು.

ಗಲಾಟೆ ಕೇಳಿ ಹೊರಗೆ ಬಂದ ಅಪ್ಪ ನಕ್ಕರು. ಆ ನಗು ನಾನು ನಿರೀಕ್ಷಿಸಿರಲಿಲ್ಲ.

"ಬರ್ಲಿ ಬುಡು. ಕಣ್ಣಂದ್ರೆ ಏನೂಂತ ಡಾಕ್ಟ್ರೂ ಒಂದ್ ದಪ ನೋಡ್ಲಿ" ಎಂದರು. ಆಮೇಲೆ ಜಗಲಿಯ ಮೇಲೆ ಕೂತು, ಯಾರಿಗೂ ಹೇಳದಿದ್ದ ಒಂದು ಮಾತು ಹೇಳಿದರು. "ಮುಂಚೆ ಲಿಂಗ ನೋಡ್ತಾ ಕುಂತ್ರೆ ಪಕ್ದಲ್ಲಿ ದೀಪ ಕಾಣೋದು, ಗಂಟೆ ಕಾಣೋದು, ಇವ್ಳು ಓಡಾಡೋದು ಕಾಣೋದು. ಮನ್ಸು ನಿಲ್ತಿರ್ಲಿಲ್ಲ. ಈಗ ಎಲ್ಡು ಮೂರು ವರ್ಸದಿಂದ ಅವೆಲ್ಲಾ ಕರಗೋಗವೆ. ಲಿಂಗ ಒಂದೇ ಉಳ್ಕತದೆ. ದೃಷ್ಟಿ ಮಾಗಾಕೆ ಒಂದು ಜನ್ಮ ಸಾಲ್ದು ಅಂತಿದ್ರು ನಮ್ ಗುರುಗೋಳು. ನಂಗೆ ಈ ಜನ್ಮದಲ್ಲೇ ಆಗದೆ."

ಹೇಳುವಾಗ ಅಪ್ಪನ ಮುಖದಲ್ಲಿ ಎಂಥ ತೃಪ್ತಿ ಇತ್ತು! ಅವ್ವ ಸೆರಗು ಸರಿಮಾಡಿಕೊಂಡು ಅಲ್ಲೇ ಕೈಮುಗಿದಳು. ನನಗೂ ಮೈ ಜುಮ್ಮೆಂದಿತು. ಡಾಕ್ಟರ ಬಾಯಿ ಮುಚ್ಚಿತಲ್ಲ ಎಂಬ ಸಂತೋಷವೂ ಇತ್ತು. ಯಾಕೆಂದರೆ ಅವರು ಬಿಳಿಚಿಕೊಂಡು ನಿಂತಿದ್ದರು.

"ಪಕ್ಕದ ದೀಪ ಕಾಣೋದು ಪೂರ್ತಿ ನಿಂತೇ ಹೋಯ್ತಾ ಯಜಮಾನ್ರೆ?" ಎಂದು ಮೆಲ್ಲಗೆ ಕೇಳಿದರು.

"ಪೂರ್ತಿ."

ಅವ್ವ ಷರತ್ತುಗಳನ್ನು ಹಾಕಿದಳು. ತಲೆಗೆ ನೀರು ಹಾಕಿಕೊಂಡು ಬರಬೇಕು. ನನ್ನ ಮಡಿ ಪಂಚೆ ಉಡಬೇಕು. ಮಣಿ, ಕಡ್ಡಿ, ಕೊಳವೆ ಯಾವುದೂ ಕೂಡದು. ಬಾಯಿ ಬಿಡಕೂಡದು. ಎಲ್ಲದಕ್ಕೂ ಒಪ್ಪಿದರು. ಒಂದೇ ಒಂದು ಕೇಳಿಕೊಂಡರು. ಆರತಿಯನ್ನು ಎದುರಿನಿಂದ ತರುವ ಬದಲು ಎಡಗಡೆ, ಬೆನ್ನ ಹಿಂದಿನಿಂದ ನಿಧಾನವಾಗಿ ತರಬೇಕು. ಅವ್ವ ಯೋಚಿಸಿ, "ಆರತಿ ಯಾವ್ ಕಡೆಯಿಂದ ತಂದ್ರೂ ಆರತೀನೆ" ಎಂದಳು.

ಮರುದಿನ ಬೆಳಿಗ್ಗೆ ನನ್ನ ಉದ್ದದ ಪಂಚೆಯನ್ನು ಎದೆಯವರೆಗೆ ಕಟ್ಟಿಕೊಂಡು ಡಾಕ್ಟರು ಮೂಲೆಯಲ್ಲಿ ಕೂತರು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಪ್ಪ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ದೃಷ್ಟಿ ನೆಟ್ಟರು. ಅವ್ವ ತುಪ್ಪದ ಬತ್ತಿ ಹೊತ್ತಿಸಿ, ಅಪ್ಪನ ಹಿಂದಿನಿಂದ ಆರತಿಯನ್ನು ಹಿಡಿದು ಬಂದಳು. ದೀಪ ಅಪ್ಪನ ಕಿವಿಯ ಹತ್ತಿರ ಬಂತು. ಭುಜದ ಹತ್ತಿರ ಬಂತು. ಅಪ್ಪನ ಕಣ್ಣು ಅಲ್ಲಾಡಲಿಲ್ಲ.

"ಆರತಿ ತತ್ತಾ" ಎಂದರು ಅಪ್ಪ.

ಅವ್ವನ ಕೈ ನಿಂತಿತು. ಡಾಕ್ಟರು ಮುಂದಕ್ಕೆ ತನ್ನಿ ಎಂದು ಸನ್ನೆ ಮಾಡಿದರು. ದೀಪ ಮೊಣಕೈ ದಾಟಿತು. ಅದರ ಬೆಳಕು ಅಪ್ಪನ ಕೆನ್ನೆಯ ಮೇಲೆ ಆಡುತ್ತಿತ್ತು. ನಮಗೆಲ್ಲ ಕಾಣುತ್ತಿತ್ತು.

"ಎಷ್ಟೊತ್ತು? ಆರತಿ ತತ್ತಾ ಅಂದ್ನಲ್ಲ, ಎಲ್ಲಿದ್ದೀಯ?" ಎಂದು ಅಪ್ಪ ರೇಗಿದರು.

ಅವ್ವ ದೀಪವನ್ನು ಇನ್ನೂ ಮುಂದಕ್ಕೆ ತಂದಳು. ಬತ್ತಿ ಚಿಟಪಟ ಎಂದಿತು. ದೀಪ ಅಂಗೈಯ ಪಕ್ಕಕ್ಕೆ, ಲಿಂಗಕ್ಕೆ ಇನ್ನೇನು ತಾಕಬೇಕು ಎನ್ನುವಷ್ಟು ಹತ್ತಿರ ಬಂದ ಮೇಲೆ, "ಹ್ಞಾ, ಬಂತು" ಎಂದರು ಅಪ್ಪ.

ಡಾಕ್ಟರು ಮಾತಿಗೆ ತಪ್ಪಲಿಲ್ಲ, ಬಾಯಿ ಬಿಡಲಿಲ್ಲ. ನನ್ನ ಕಡೆ ತಿರುಗಿ, ಅಪ್ಪನ ಪಕ್ಕ ಕೂರು ಎಂದು ಕೈ ತೋರಿಸಿದರು. ನಾನೂ ನನ್ನ ಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ನೋಡುತ್ತ ಕೂತೆ. ಅವ್ವ ಅದೇ ದೀಪವನ್ನು ನನ್ನ ಹಿಂದಿನಿಂದ ತಂದಳು. ಕಣ್ಣು ಕದಲಿಸದೆಯೇ ನನಗೆ ಅದು ಕಂಡಿತು. "ಕಂಡಿತು" ಎಂದೆ.

"ಎಲ್ಲದೆ ದೀಪ?" ಎಂದು ಪಕ್ಕದಿಂದ ಅಪ್ಪ ಕೇಳಿದರು.

"ಕಿವಿ ಹತ್ರ ಅಪ್ಪ."

ಅಪ್ಪ ಲಿಂಗದಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ, "ಅಂಗಾರೆ ಕರಗಿದ್ದು ನನ್ ಮನಸಲ್ಲ" ಎಂದರು. ಆಮೇಲೆ, "ಕಣ್ಣು" ಎಂದರು.

ನನಗೆ ಆಗ ಡಾಕ್ಟರ ಮೇಲೆ ಬಂದಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ. ಈ ಮನುಷ್ಯ ಕಾಯಿಲೆ ತೋರಿಸುವುದಕ್ಕೆ ಬಂದು ಅಪ್ಪನ ಜೀವಮಾನದ ಸಂಪಾದನೆಯನ್ನೇ ಕಿತ್ತುಕೊಂಡರಲ್ಲ! ಒಂದು ಸಮಾಧಾನದ ಮಾತಾದರೂ ಹೇಳಬಾರದೇ? ಹೇಳಲಿಲ್ಲ. ಅವ್ವ ತಲೆಯಾಡಿಸಿದ ಮೇಲೆ ಬಾಯಿ ಬಿಟ್ಟವರು, "ಮನಸ್ಸಿನ ವಿಚಾರ ನನಗೆ ಗೊತ್ತಿಲ್ಲ ಯಜಮಾನ್ರೆ. ಅದನ್ನ ಅಳೆಯೋಕೆ ನನ್ನ ಹತ್ರ ಏನೂ ಇಲ್ಲ" ಎಂದರು, ಅಷ್ಟೆ.

"ಲಿಂಗಾನೂ ಓಯ್ತದಾ?" ಎಂದು ಅಪ್ಪ ಕೇಳಿದರು. ಅವರ ದನಿಯಲ್ಲಿ ಅಂಥ ಭಯವನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಸುಮ್ಮನೆ ಕೂತರೆ ಹೋಗತ್ತೆ. ಬದು ಒತ್ತೋನು ನಡು ಹೊಲಕ್ಕೂ ಬರ್ತಾನೆ. ಹೋಗಿರೋದನ್ನ ವಾಪಸ್ ತರೋಕೆ ನನ್ನ ಕೈಲಾಗಲ್ಲ. ಉಳಿದಿರೋದನ್ನ ಕಾಯಬಹುದು."

ಅಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಗೆ ಸೇರಿಸಿದರು. "ಆ ಅನಿ ತತ್ತಾ" ಎಂದು ನನಗೆ ಹೇಳಿದರು.

ಡಾಕ್ಟರು ಹೊಸ ಸೀಸೆ ಕೊಟ್ಟರು, ಅಲ್ಲಿಂದ ಹನಿ ತಪ್ಪಲಿಲ್ಲ. ಮಂಡಿಯ ಒಳಗಿನ ಮಬ್ಬಿನಲ್ಲಿ ಎಲೆ ನೋಡುವುದನ್ನು ಅಪ್ಪ ನನಗೆ ಬಿಟ್ಟು, ಬಿಸಿಲು ಬೀಳುವ ಜಗಲಿಗೆ ತಮ್ಮ ಗಾದಿಯನ್ನು ಹಾಕಿಸಿಕೊಂಡರು. ಪೂಜೆಯನ್ನೂ ಬಿಡಲಿಲ್ಲ. ಬದಲಾದದ್ದು ಒಂದೇ, ಆರತಿ ದಿನವೂ ಎಡಗಡೆಯಿಂದಲೇ ಬರುವಂತಾಯಿತು. ಅಪ್ಪನೇ ಹಾಗೆ ಮಾಡಿಸಿದರು. ಕಂಡಾಗ "ಕಂಡಿತು" ಎನ್ನುವರು. ಆ ಹೊತ್ತಿಗೆ ಸರಿಯಾಗಿ ಮಹಡಿಯ ಮೆಟ್ಟಿಲ ಮೇಲಿಂದ ಡಾಕ್ಟರ ಕೂಗು ಬರುವುದು: "ಎಲ್ಲಿ ಕಂಡಿತು ಯಜಮಾನ್ರೆ?"

"ನೆನ್ನೆ ಕಂಡ ಜಾಗದಲ್ಲೇ!" ಎಂದು ಅಪ್ಪ ಕೂಗುವರು.

ದೇವರ ಪೂಜೆಯೋ ಆಸ್ಪತ್ರೆಯೋ ತಿಳಿಯದಂತಾಗಿತ್ತು ನಮ್ಮ ನಡುಮನೆ. ಗಂಟೆಯ ಸದ್ದಿನ ಜತೆಗೆ ಆ ಕಿರುಚಾಟ. ಮನೆಗೆ ಬಂದ ನೆಂಟರು ಬೆಚ್ಚಿ ಬೀಳುತ್ತಿದ್ದರು. ನಾನು ಎಷ್ಟು ಸಲ ಹೇಳಿದರೂ ಇಬ್ಬರೂ ಕೇಳಲಿಲ್ಲ. ಒಂದು ಬೆಳಿಗ್ಗೆಯೂ ತಪ್ಪಿಸಲಿಲ್ಲ.

ಅದು ಸಾಲದೆಂದು ಡಾಕ್ಟರು ನನ್ನ ಬೆನ್ನು ಹತ್ತಿದರು. "ಅಪ್ಪನಿಂದ ಮಂಡಿ ಬಂದ ಹಾಗೆ ಈ ಕಾಯಿಲೆನೂ ಬರಬಹುದು ರೀ, ನಡೀರಿ ಮಹಡಿಗೆ." ವರ್ಷಕ್ಕೊಂದು ಸಲ ಕಂಬಳಿಯ ಮುಂದೆ ಕೂರಿಸಿ, "ಗುಂಡಿ ನೋಡ್ರೀ!" ಎಂದು ಕೂಗಿ, ಚಿತ್ರ ಬರೆಯುವರು. ವ್ಯಾಪಾರದ ಹೊತ್ತಿನಲ್ಲೇ ಕರೆಯುವರು. ಮೂರು ವರ್ಷ ಏನೂ ಇರಲಿಲ್ಲ. ನಾಲ್ಕನೆಯ ವರ್ಷ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು. ಸೂಜಿಗಳ ಗೆರೆ ಇನ್ನೂ ನೆಟ್ಟಗೇ ಇತ್ತು, ಗುಣಿ ಮಾತ್ರ ಕೂದಲೆಳೆಯಷ್ಟು ಅಗಲವಾಗಿತ್ತು. "ಬದು ಹತ್ರ ನೇಗಿಲು ತಂದಿದಾನೆ. ಇನ್ನೂ ಹೂಡಿಲ್ಲ" ಎಂದು ಹೇಳಿ ನನ್ನ ಕೈಗೂ ಒಂದು ಸೀಸೆ ಇಟ್ಟರು.

ಆ ದಶಕದ ಕೊನೆಯಲ್ಲಿ ಅವರು ಊರು ಬಿಟ್ಟರು. ಮೈಸೂರಿನಲ್ಲಿದ್ದ ತಮ್ಮ ಅಕ್ಕನ ಮನೆಗೆ ಹೋದರು. ಟ್ರಂಕು, ಕುರ್ಚಿ, ಕಂಬಳಿ ಎಲ್ಲವನ್ನೂ ಗಾಡಿಗೆ ಏರಿಸಿದರು, ಮೊಳೆಗಳನ್ನು ಬಿಟ್ಟು. ಅಪ್ಪನೊಂದಿಗೆ ಯಾವ ವಿದಾಯದ ಮಾತೂ ಇಲ್ಲ. "ಹನಿ ತಪ್ಪಿಸಿದ್ರೆ ಬಂದು ಬೈತೀನಿ" ಎಂದರು, ಅಷ್ಟೆ.

ಮಾರನೆಯ ಬೆಳಿಗ್ಗೆ ನನಗೆ ನೆಮ್ಮದಿ. ಇನ್ನು ಕಿರುಚಾಟವಿಲ್ಲ ಎಂದುಕೊಂಡು ಮಂಡಿಗೆ ಹೊರಟಿದ್ದೆ. ಒಳಗೆ ಅವ್ವ ಆರತಿ ತಂದಳು. "ಕಂಡಿತು" ಎಂದರು ಅಪ್ಪ. ಆಮೇಲೆ ಸುಮ್ಮನಾದರು. ಅವ್ವ ದೀಪ ಹಿಡಿದುಕೊಂಡು ನಿಂತೇ ಇದ್ದಳು. ಗಂಟೆ ಬಾರಿಸಲಿಲ್ಲ, ಪೂಜೆ ಮುಂದುವರಿಯಲಿಲ್ಲ. ಇಬ್ಬರೂ ಕಾಯುತ್ತಿದ್ದಾರೆ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ಚಪ್ಪಲಿ ಬಿಟ್ಟು ಒಳಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು, ನಾಚಿಕೆಪಡುತ್ತಲೇ ಕೂಗಿದೆ: "ಎಲ್ಲಿ ಕಂಡಿತು ಅಪ್ಪ?"

"ನೆನ್ನೆ ಕಂಡ ಜಾಗದಲ್ಲೇ" ಎಂದರು ಅಪ್ಪ. ಅವ್ವ ಗಂಟೆ ಬಾರಿಸಿದಳು.

ಅಪ್ಪ ಮತ್ತೂ ಬಹಳ ವರ್ಷ ಬದುಕಿದರು. ಕೊನೆಯ ದಿನದ ಬೆಳಿಗ್ಗೆಯೂ ಅಂಗೈ ಮೇಲೆ ಲಿಂಗವನ್ನು ಕಣ್ಣಾರೆ ಕಂಡರು.

ಈಗ ನನಗೆ ಆರತಿ ತರುವವಳು ನನ್ನ ಹೆಂಡತಿ. ಎಡಗಡೆಯಿಂದಲೇ ತರುತ್ತಾಳೆ, ಅದು ನಮ್ಮ ಮನೆಯ ಪದ್ಧತಿಯಾಗಿ ಹೋಗಿದೆ. ಕಂಡಕ್ಟರು ಸುದ್ದಿ ತಂದ ಮರುದಿನವೂ ತಂದಳು. ಲಿಂಗದಿಂದ ಕಣ್ಣು ತೆಗೆಯಲಿಲ್ಲ ನಾನು. ದೀಪ ಕಿವಿಯ ಹತ್ತಿರ ಬರುತ್ತಲೇ ಕಂಡಿತು. ಪಕ್ಕದ ಗಂಟೆ ಕಂಡಿತು, ಅವಳ ಬಳೆಗಳು ಕಂಡವು, ಹಿಡಿದ ತಟ್ಟೆಯ ಅಂಚು ಕಂಡಿತು. ಮನಸ್ಸು ನಿಲ್ಲಲಿಲ್ಲ. ಅಪ್ಪನಿಗೆ ಕರಗಿಹೋದದ್ದೆಲ್ಲ ನನಗೆ ಇನ್ನೂ ಉಳಿದಿದೆ. ಖಾಲಿ ಮಹಡಿಯ ಕಡೆಗೆ, ಮೊಳೆಗಳು ಹಾಗೇ ಇರುವ ಆ ಗೋಡೆಗೆ ಕೇಳುವಷ್ಟು ಜೋರಾಗಿ ಕೂಗಿದೆ:

"ನೆನ್ನೆ ಕಂಡ ಜಾಗದಲ್ಲೇ ಕಣ್ರೀ!"